ಅಜ್ಜಿಯ ಗರಿಗೆ ಅರ್ಥ ಅಂಟಿಸಬೇಡಿ

ನಮಸ್ಕಾರ. ರಾಬರ್ಟ್‌ಸನ್‌ಪೇಟೆಯಿಂದ ನೀವು ಕಳಿಸಿದ, ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ ಬಗೆಗಿನ ‘ಯೂಂಗ್, ಪುರಾಣ ಮತ್ತು ಶಿಲುಬೆ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಹನ್ನೊಂದನೇ ಪುಟದ ನಾಲ್ಕು ಸಾಲು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಸಾಲುಗಳಲ್ಲಿ ನಿಮ್ಮ ಅಜ್ಜಿ ಇದ್ದಾರೆ. ತಾತ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿಗೆ ಇಳಿದಿರುತ್ತಿದ್ದರು. ಕೆಳಗೆ ಬಂಡೆ ಸಿಡಿದರೆ ಮೇಲೆ ಮನೆ ನಡುಗುತ್ತಿತ್ತು. ಆಗ ಅಜ್ಜಿ ಮಾತಾಡದೆ ಎದ್ದು ಹೋಗಿ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಚರ್ಚಿನಿಂದ ತಂದು ಬಾಗಿಲ ಮೇಲೆ ಸಿಕ್ಕಿಸಿದ್ದ ಒಣ ತಾಳೆಗರಿಯನ್ನು ಮುಟ್ಟುತ್ತಿದ್ದರು. ಮುಂದಿನ ವರ್ಷ ಅದೇ ಗರಿಯನ್ನು ಚರ್ಚಿಗೆ ವಾಪಸ್ ಕೊಟ್ಟು, ಅದನ್ನು ಸುಟ್ಟ ಬೂದಿಯನ್ನು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಹಚ್ಚಿಸಿಕೊಂಡು ಬರುತ್ತಿದ್ದರು. ಎಷ್ಟು ಚೆನ್ನಾಗಿದೆ! ಆದರೆ ಮರುಸಾಲಿನಲ್ಲೇ ನೀವು ‘ಇಲ್ಲಿ ಗರಿ ಎಂದರೆ ಪುನರ್ಜನ್ಮದ ಆದಿಬಿಂಬ’ (ಎಲ್ಲರ ಮನಸ್ಸಿನ ಆಳದಲ್ಲೂ ಇದೆ ಎಂದು ಯೂಂಗ್ ಹೇಳುವ ಮೂಲರೂಪ) ಎಂದು ಮುಗಿಸಿಬಿಟ್ಟಿರಿ. ಊಟಕ್ಕೆ ಕೂತವನ ಮುಂದಿನ ಎಲೆ ಎತ್ತಿದ ಹಾಗಾಯಿತು.

ನನ್ನ ಮುಖ್ಯ ತಕರಾರು ಇದೇ. ಲೇಖನದ ಉದ್ದಕ್ಕೂ ಹಾವು ಎಂದರೆ ಇದು, ನೀರು ಎಂದರೆ ಅದು, ಶಿಲುಬೆ ಎಂದರೆ ದೈವಪ್ರೇಮ ಎಂದು ಹೇಳುತ್ತಾ ಹೋಗಿದ್ದೀರಿ. ಯೂಂಗ್ ಬೇಡ ಎಂದದ್ದು ಇದನ್ನೇ. 1921ರ ‘ಸೈಕಲಾಜಿಕಲ್ ಟೈಪ್ಸ್’ ಪುಸ್ತಕದಲ್ಲಿ ಅವರು ರೈಲ್ವೆ ನೌಕರರು ಧರಿಸುವ ರೆಕ್ಕೆ ಇರುವ ಚಕ್ರದ ಮಾತು ತೆಗೆಯುತ್ತಾರೆ. ಅದು ಬರೀ ಗುರುತು, ಸಂಕೇತವಲ್ಲ. ಅದು ಏನನ್ನು ತೋರಿಸುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿದೆ. ಸಂಕೇತ ಹಾಗಲ್ಲ. ಇನ್ನೂ ಪೂರ್ತಿ ತಿಳಿಯದ ಯಾವುದನ್ನೋ ಹೇಳಲು ಮನಸ್ಸಿಗೆ ಅದಕ್ಕಿಂತ ಒಳ್ಳೆಯ ರೂಪ ಸಿಗದಿದ್ದಾಗ ಸಂಕೇತ ಹುಟ್ಟುತ್ತದೆ. ಅಲ್ಲೇ ಶಿಲುಬೆಯ ಮಾತೂ ಬರುತ್ತದೆ. ಶಿಲುಬೆ ಎಂದರೆ ದೈವಪ್ರೇಮ ಎಂದು ಬಿಡಿಸಿಟ್ಟರೆ ಅದು ಗುರುತಾಗಿಬಿಡುತ್ತದೆ, ಏಕೆಂದರೆ ದೈವಪ್ರೇಮ ಎಂಬ ಮಾತೇ ಆ ವಿಷಯವನ್ನು ಇನ್ನೂ ಚೆನ್ನಾಗಿ ಹೇಳುತ್ತದೆ ಎನ್ನುತ್ತಾರೆ. ನೀವು ಅವರದೆಂದು ಕೊಟ್ಟ ವಾಕ್ಯವನ್ನು ಅವರು ನೂರು ವರ್ಷದ ಹಿಂದೆಯೇ ತಳ್ಳಿಹಾಕಿದ್ದರು.

ಹಾಗಾದರೆ ಅಜ್ಜಿಯ ಗರಿಯನ್ನು ಏನು ಮಾಡುವುದು? ಇದಕ್ಕೂ ಯೂಂಗ್ ಹತ್ತಿರ ಒಂದು ದಾರಿ ಇದೆ. 1925ರಲ್ಲಿ ಅವರು ಪೂರ್ವ ಆಫ್ರಿಕಾಕ್ಕೆ ಹೋಗಿದ್ದರು. ಎಲ್ಗಾನ್ ಬೆಟ್ಟದ ಜನ ಬೆಳಗ್ಗೆ ಎದ್ದು ಅಂಗೈಗೆ ಉಗುಳಿಕೊಂಡು, ಹುಟ್ಟುವ ಸೂರ್ಯನ ಕಡೆಗೆ ಕೈ ಚಾಚುತ್ತಿದ್ದರು. ಯಾಕೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮೊದಲಿನಿಂದ ಮಾಡುತ್ತಾ ಬಂದಿದ್ದೇವೆ ಎಂದರು, ಅಷ್ಟೇ. ಯುರೋಪಿನವರು ಕ್ರಿಸ್ಮಸ್ ಮರ ನಿಲ್ಲಿಸುವುದೂ ಹೀಗೇ ಅಲ್ವಾ ಎಂದು ಯೂಂಗ್ ಆಮೇಲೆ ಬರೆದರು. ಮೊದಲು ಮನುಷ್ಯ ಮಾಡುತ್ತಾನೆ, ಯೋಚನೆ ಬಹಳ ತಡವಾಗಿ ಬರುತ್ತದೆ. ನಿಮ್ಮ ಅಜ್ಜಿಯ ಕೈಯೂ ಹಾಗೇ ಮೇಲೆದ್ದಿತು. ಅದನ್ನು ನೋಡುವಷ್ಟು ಹೊತ್ತು ನಮಗೆ ಕೊಡಿ. ಗರಿ ಎಷ್ಟು ಎತ್ತರದಲ್ಲಿತ್ತು? ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರಾ? ತಾತ ಮನೆಯಲ್ಲೇ ಇದ್ದ ರಾತ್ರಿ ನೆಲ ನಡುಗಿದರೆ ಏನು ಮಾಡುತ್ತಿದ್ದರು?

ಇನ್ನು ಯೂಂಗ್ ಮತ್ತು ಕ್ರೈಸ್ತ ನಂಬಿಕೆಯ ವಿಷಯ. ‘ಯೂಂಗ್ ಹೇಳಿದ್ದೂ ಚರ್ಚು ಹೇಳಿದ್ದೂ ಒಂದೇ’ ಎಂದು ಬರೆದಿದ್ದೀರಿ. ಖಂಡಿತ ಅಲ್ಲ. ಅವರ ತಂದೆ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಪಾದ್ರಿ. ಮಗನಿಗೆ ಧರ್ಮಪಾಠ ಹೇಳುವಾಗ ತ್ರಿತ್ವದ, ಅಂದರೆ ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಮೂವರು ಎಂಬ ನಂಬಿಕೆಯ, ಅಧ್ಯಾಯ ಬಂತು. ಹುಡುಗ ಅದಕ್ಕಾಗಿಯೇ ಆಸೆಯಿಂದ ಕಾದಿದ್ದ. ತಂದೆ, ಇದು ನನಗೇ ಅರ್ಥವಾಗುವುದಿಲ್ಲ, ಬಿಟ್ಟು ಮುಂದೆ ಹೋಗೋಣ ಎಂದರು. ಯೂಂಗ್ ಜೀವನಪೂರ್ತಿ ಆ ಬಿಟ್ಟ ಜಾಗದ ಸುತ್ತಲೇ ಓಡಾಡಿದರು ಎಂದು ನನಗೆ ಅನಿಸುತ್ತದೆ. ತಾನು ಮಾತಾಡುವುದು ಮನಸ್ಸಿನಲ್ಲಿರುವ ದೇವರ ಬಿಂಬದ ಬಗ್ಗೆ, ದೇವರಿದ್ದಾನೆಂದು ಸಾಬೀತು ಮಾಡುವುದು ತನ್ನ ಕೆಲಸವಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಕ್ಯಾಥೋಲಿಕ್ ಡೊಮಿನಿಕನ್ ಸಭೆಯ ಫಾದರ್ ವಿಕ್ಟರ್ ವೈಟ್ ಅವರ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು. ಕೆಡುಕು ಎಂದರೆ ಒಳಿತು ಇಲ್ಲದಿರುವುದು ಮಾತ್ರ ಎಂಬ ಚರ್ಚಿನ ಹಳೆಯ ವಾದವನ್ನು ಯೂಂಗ್ ಒಪ್ಪಲಿಲ್ಲ. ದೇವರ ಬಿಂಬಕ್ಕೂ ಕತ್ತಲ ಮುಖವಿದೆ ಎಂದು 1952ರಲ್ಲಿ ಬೈಬಲಿನ ಯೋಬನ ಕಥೆ ಹಿಡಿದು ‘ಆನ್ಸರ್ ಟು ಜಾಬ್’ ಪ್ರಕಟಿಸಿದ ಮೇಲೆ ಆ ಸ್ನೇಹ ಕ್ರಮೇಣ ಒಡೆಯಿತು. ನೀವು ಕ್ರೈಸ್ತರು, ನಂಬುವವರು, ಯೂಂಗ್ ಅವರನ್ನೂ ಪ್ರೀತಿಸುತ್ತೀರಿ. ಈ ಜಗಳ ನಿಮ್ಮದೂ ಹೌದು. ಅದನ್ನು ಮುಚ್ಚಿಟ್ಟು ಬರೆದರೆ ಲೇಖನ ಸಪ್ಪೆಯಾಗುತ್ತದೆ.

ಕೋಲಾರಮ್ಮ ಮತ್ತು ಮಾತೆ ಮರಿಯಮ್ಮ ಒಂದೇ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನೂ ತೆಗೆಯಿರಿ. ಯೂಂಗ್ ಪ್ರಕಾರ ಎಲ್ಲರಿಗೂ ಹುಟ್ಟಿನಿಂದ ಬರುವುದು ತಾಯಿಯ ಬಿಂಬ ಕಟ್ಟಿಕೊಳ್ಳುವ ಒಲವು. ಬಿಂಬ ಆಯಾ ನೆಲದ್ದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ, ಪೂಜಿಸಿದರೆ ಚೇಳಿನ ಕಾಟ ಇಲ್ಲ ಎಂದು ಜನ ನಂಬುತ್ತಾರೆ. ಆ ಕಡೆ, ಮರಿಯಮ್ಮನವರು ದೇಹ ಸಮೇತ ಸ್ವರ್ಗಕ್ಕೆ ಸೇರಿದರು ಎಂದು 1950ರಲ್ಲಿ ಪೋಪ್ 12ನೇ ಪಯಸ್ ಸಾರಿದರು. ಪ್ರಾಟೆಸ್ಟೆಂಟ್ ಮನೆಯ ಯೂಂಗ್ ಅದನ್ನು ಲೂಥರನ ಕಾಲದ ಸುಧಾರಣೆಯ ನಂತರದ ಅತಿ ದೊಡ್ಡ ಧಾರ್ಮಿಕ ಘಟನೆ ಎಂದರು. ದೇವರ ಮನೆಯಲ್ಲಿ ಕೊನೆಗೂ ಹೆಣ್ಣಿಗೆ ಜಾಗ ಸಿಕ್ಕಿತು ಎಂಬ ಖುಷಿ ಅವರದು. ಈ ಎರಡನ್ನೂ ಒಂದೇ ಮಾಡಿದರೆ ಇಬ್ಬರೂ ತಾಯಂದಿರು ನಮ್ಮ ಕೈತಪ್ಪುತ್ತಾರೆ.

ಯೂಂಗ್ ರಮಣ ಮಹರ್ಷಿಗಳನ್ನು ಭೇಟಿಯಾದರು ಎಂಬುದು ತಪ್ಪು. 1937ರ ಕೊನೆಗೆ ಭಾರತಕ್ಕೆ ಬಂದವರು ಬೇಕೆಂದೇ ಅಲ್ಲಿಗೆ ಹೋಗಲಿಲ್ಲ. ಗಣಿಯನ್ನು ಸುಪ್ತಮನಸ್ಸಿಗೆ ಹೋಲಿಸಿದ್ದೂ ಬೇಡ. ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಆಳ, ಆ ಸೆಖೆ, ಸಿಡಿಯುವ ಬಂಡೆ. ನಿಮ್ಮ ತಾತ ಅಲ್ಲಿ ಕೂಲಿಗಾಗಿ ಬೆವರಿದ್ದಾರೆ. ಅದು ಗಣಿಯಾಗಿಯೇ ಇರಲಿ.

ಮತ್ತೆ ಬರೆಯಿರಿ. ಹನ್ನೊಂದನೇ ಪುಟದಿಂದಲೇ ಶುರು ಮಾಡಿ, ಯೂಂಗ್ ಅಜ್ಜಿಯ ಹಿಂದೆ ಬರಲಿ. ಅಜ್ಜಿ ತಮಿಳಿನಲ್ಲಿ ಆಡಿದ ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಡಿ, ಕೋಲಾರದ ಓದುಗರಿಗೆ ಅದು ಅರ್ಥವಾಗುತ್ತದೆ. ಆರು ಪುಟ ಸಾಕು. ತಪಸ್ಸುಕಾಲದ ಸಂಚಿಕೆಗೆ ಜಾಗ ಇಟ್ಟಿದ್ದೇನೆ, ಜನವರಿ ಕೊನೆಯೊಳಗೆ ಕಳಿಸಿ.