ಬೈಗುಳ ತೆಗೆದಿಲ್ಲ, ಜಾಹೀರಾತೂ ತೆಗೆಯುವುದಿಲ್ಲ

ಧಾರವಾಡದ ಓದುಗ ಗೆಳೆಯರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ರ‍್ಯಾಪ್ ಹುಡುಗರ ಸಂದರ್ಶನ ಹಾಕಿ, ಹಿಂಬದಿ ರಕ್ಷಾಪುಟಕ್ಕೆ ಒಡವೆ ಅಂಗಡಿ ಜಾಹೀರಾತು ತೆಗೆದುಕೊಂಡಿದ್ದು ನಿಮಗೆ ಸರಿಬಂದಿಲ್ಲ. 'ಗಲ್ಲಿ ಹುಡುಗರನ್ನು ಶೋಕೇಸಿನಲ್ಲಿಟ್ಟು ಮಾರೋಕೆ ಶುರು ಮಾಡಿದ್ದೀರಿ' ಅಂದಿದ್ದೀರಿ. ಸಿಟ್ಟು ಅರ್ಥವಾಗುತ್ತದೆ. ಆದರೆ ಇವು ಎರಡು ಬೇರೆ ದೂರುಗಳು, ಅಲ್ವಾ?

ಮೊದಲು ದುಡ್ಡಿನ ಮಾತು. ಲಂಕೇಶರು 1980ರಲ್ಲಿ ಶುರು ಮಾಡಿದ ಪತ್ರಿಕೆ ಜಾಹೀರಾತಿಲ್ಲದೆ ನಡೆಯಿತು, ನಿಮಗೇನು ರೋಗ ಅಂತ ಕೇಳಿದ್ದೀರಿ. ಅದು ವಾರಪತ್ರಿಕೆ ಸ್ವಾಮಿ, ರಾಜಕೀಯ ಸುದ್ದಿಗೇ ಕೊಳ್ಳುವವರು ಬಹಳ ಜನ, ಮಾರಾಟದ ದುಡ್ಡಲ್ಲೇ ಬದುಕಿತು. ನಮ್ಮ ತ್ರೈಮಾಸಿಕದ ಚಂದಾ ಹಣ ಕಾಗದ, ಅಚ್ಚು, ಅಂಚೆಗೇ ಮುಗಿಯುತ್ತದೆ. ಬರೆದವರಿಗೆ ಏನು ಕೊಡೋಣ? ಒಡವೆ ಅಂಗಡಿಯವರು ಒಳಪುಟಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ ದಿನ ಆ ಪುಟ ಖಾಲಿ ಬಿಡುತ್ತೇವೆ.

ಶೋಕೇಸಿನ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಲಂಡನ್ನಿನಲ್ಲಿ 1976ರಲ್ಲಿ ಮಾರ್ಕ್ ಪೆರ್ರಿ ಎಂಬ ಬ್ಯಾಂಕ್ ಗುಮಾಸ್ತ ಟೈಪ್ ಮಾಡಿ, ತಲೆಬರಹ ಸ್ಕೆಚ್ ಪೆನ್ನಲ್ಲಿ ಗೀಚಿ, ಜೆರಾಕ್ಸ್ ಹೊಡೆಸಿ, ಪಂಕ್ ಎಂಬ ಒರಟು, ಬಂಡಾಯದ ರಾಕ್ ಸಂಗೀತಕ್ಕಾಗಿ 'ಸ್ನಿಫಿನ್ ಗ್ಲೂ' ಪತ್ರಿಕೆ ತಂದ. ಪಂಕ್ ದೊಡ್ಡ ಕಂಪನಿಗಳ ಕೈಸೇರುತ್ತಿದ್ದಂತೆ, ಮರುವರ್ಷವೇ, ನಿಲ್ಲಿಸಿಬಿಟ್ಟ. ನಿಮಗೆ ಇಷ್ಟವಾಗುವ ದಾರಿ ಅದೇ ಅನ್ನಿಸುತ್ತದೆ. ಟೆರ್ರಿ ಜೋನ್ಸ್ ಹಿಡಿದದ್ದು ಬೇರೆ ದಾರಿ. 'ವೋಗ್' ಎಂಬ ಫ್ಯಾಶನ್ ಪತ್ರಿಕೆಯ ಕಲಾ ನಿರ್ದೇಶಕರಾಗಿದ್ದವರು 1980ರಲ್ಲಿ ಪಿನ್ನು ಹೊಡೆದ 'ಐ-ಡಿ' ಪತ್ರಿಕೆ ತಂದರು. ಬೀದಿಯಲ್ಲಿ ಸಿಕ್ಕವರನ್ನು ಗೋಡೆ ಮುಂದೆ ನಿಲ್ಲಿಸಿ ಬೂಟಿನಿಂದ ಕೂದಲವರೆಗೆ ಒಂದು ಫೋಟೊ. ಪಕ್ಕದಲ್ಲಿ ಈ ಜಾಕೆಟ್ ಎಲ್ಲಿಂದ ತಂದಿರಿ, ಯಾವ ಹಾಡು ಕೇಳುತ್ತೀರಿ ಅನ್ನುವುದಕ್ಕೆ ಅವರದೇ ಉತ್ತರ. ಈ ಬೀದಿಯವರು ಹೀಗೇಕೆ ಅಂತ ದೊಡ್ಡವರಿಗೆ ಬಿಡಿಸಿ ಹೇಳುವ ಗೋಜೇ ಇಲ್ಲ. ಆಮೇಲೆ ಫ್ಯಾಶನ್ ಪತ್ರಿಕೆಗಳೇ ಆ ಥರದ ಫೋಟೊ ತೆಗೆಯೋಕೆ ಕಲಿತವು.

ನಮ್ಮಲ್ಲೇ ನೋಡಿ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ನೀವು ಹೆಸರೆತ್ತಿದ ಲಂಕೇಶರ ಪತ್ರಿಕೆಯಲ್ಲೇ. ಬಾನು ಮುಷ್ತಾಕ್ ಅದಕ್ಕೆ ವರದಿ ಬರೆಯುತ್ತಿದ್ದರು. ಮುಸ್ಲಿಂ ಹೆಂಗಸರ ಬದುಕನ್ನು ಯಾರೋ ಕೈಹಿಡಿದು ಪರಿಚಯಿಸಲಿಲ್ಲ, ಅವರೇ ಬರೆದರು. ಮಂತ್ರಿಗಳ ಹಗರಣ ಓದೋಕೆ ಅಂತ ಪತ್ರಿಕೆ ಕೊಂಡವರ ಕೈಗೆ ಅದೂ ಸಿಕ್ಕಿತು. ಜಾಸ್ತಿ ಜನಕ್ಕೆ ತಲುಪಿತು ಅಂತ ಅದರ ಖಾರ ಕಡಿಮೆಯಾಯಿತೇ?

ನಮ್ಮ ಸಂದರ್ಶನದಲ್ಲೂ ಹುಡುಗರ ಬೈಗುಳ ತೆಗೆದಿಲ್ಲ, ಗಲ್ಲಿ ಮಾತಿಗೆ ಅಡಿಟಿಪ್ಪಣಿ ಹಾಕಿಲ್ಲ. ಮುಂದಿನ ಸಂಚಿಕೆಯ ಎಂಟು ಪುಟ ಪೂರ್ತಿ ಅವರದೇ, ಹಿಂಬದಿಯಲ್ಲಿ ಅದೇ ಒಡವೆ ಅಂಗಡಿ. ನಾನು ಕಾಗುಣಿತ ಮಾತ್ರ ನೋಡುತ್ತೇನೆ (ಅದಕ್ಕೂ ಜಗಳ ನಡೆಯುತ್ತಿದೆ). ಚಂದಾ ನಿಲ್ಲಿಸುತ್ತೇನೆ ಅಂದಿದ್ದೀರಿ. ಆ ಸಂಚಿಕೆಯೊಂದನ್ನು ಓದಿ ನಿಲ್ಲಿಸಿ.

– ಸಂ.