ಹುಡುಕಿದರೂ ಸಿಗದ ಜಾಲತಾಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಜಾಲತಾಣ ಕಟ್ಟಿದ ಮೇಲೂ ಓದುಗರು ಬರುತ್ತಿಲ್ಲವೆಂಬ ಅಳಲು ಹೊತ್ತ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಐದನ್ನು ಈ ಬಾರಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಹಳೆಯ ಗೋಡೆ ಗಡಿಯಾರಗಳ ದುರಸ್ತಿಯ ಕುರಿತು ಜಾಲತಾಣವೊಂದನ್ನು ನಡೆಸುತ್ತಿದ್ದೇನೆ. ಮೂರು ತಿಂಗಳಲ್ಲಿ ನಲವತ್ತು ಲೇಖನಗಳನ್ನು ಬರೆದಿದ್ದೇನೆ. ಆದರೆ ತಾಣದ ಹೆಸರನ್ನೇ ಟೈಪ್ ಮಾಡಿದರೂ ಗೂಗಲ್‌ನಲ್ಲಿ ಅದು ಕಾಣಿಸುವುದಿಲ್ಲ. ಲೇಖನಗಳನ್ನು ಇನ್ನಷ್ಟು ಉದ್ದವಾಗಿಸಬೇಕೆ, ಇಲ್ಲವೇ ಜಾಹೀರಾತು ಕೊಡಬೇಕೆ? ತಾಣದ ವಿಳಾಸವನ್ನು ಇದರೊಂದಿಗೆ ಕಳುಹಿಸಿದ್ದೇನೆ.

ಉತ್ತರ: ಎರಡೂ ಬೇಡ. ಜಾಹೀರಾತಿಗೆ ಹಣ ಕೊಟ್ಟರೆ ಜಾಹೀರಾತಿನ ಜಾಗದಲ್ಲಿ ಕಾಣಿಸಿಕೊಳ್ಳುತ್ತೀರಿ, ಅಷ್ಟೇ. ಸಹಜ ಫಲಿತಾಂಶಗಳಲ್ಲಿ ಮೇಲಿನ ಸ್ಥಾನವನ್ನು ಗೂಗಲ್ ಹಣಕ್ಕೆ ಕೊಡುವುದಿಲ್ಲ. ಮೊದಲು ನಿಮ್ಮ ತಾಣ ಯಾವ ಹಂತದಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಪತ್ತೆ ಮಾಡಬೇಕು. ಸರ್ಚ್ ಎಂಜಿನ್ನಿನ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ. ಕ್ರಾಲರ್ ಎಂಬ ತಂತ್ರಾಂಶ ಲಿಂಕಿನಿಂದ ಲಿಂಕಿಗೆ ಹೋಗುತ್ತ ಪುಟಗಳನ್ನು ತರುತ್ತದೆ. ತಂದ ಪುಟಗಳಲ್ಲಿ ಯೋಗ್ಯವೆನಿಸಿದವು ಇಂಡೆಕ್ಸ್‌ಗೆ, ಅಂದರೆ ಒಂದು ಬೃಹತ್ ಸೂಚಿಗೆ ಸೇರುತ್ತವೆ. ಯಾರಾದರೂ ಹುಡುಕಿದಾಗ ಆ ಸೂಚಿಯಲ್ಲಿರುವ ಪುಟಗಳಿಗೆ ಮಾತ್ರ ಸ್ಥಾನ ನಿಗದಿಯಾಗುತ್ತದೆ. ಮೊದಲೆರಡು ಹಂತ ದಾಟದ ಪುಟದ ಬರಹವನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ತಾಣದ ಹೆಸರಿಗೇ ಫಲಿತಾಂಶ ಬಾರದಿದ್ದರೆ, ಆ ಹೆಸರು ತೀರಾ ಸಾಮಾನ್ಯ ಪದವಾಗಿರದ ಪಕ್ಷದಲ್ಲಿ, ತೊಂದರೆ ಸ್ಥಾನದ್ದಲ್ಲ. ಪುಟ ಸೂಚಿಯನ್ನೇ ಸೇರಿಲ್ಲ ಎಂದು ಶಂಕಿಸಬೇಕು.

ನೀವು ಕಳುಹಿಸಿದ ವಿಳಾಸವನ್ನು ತೆರೆದು ಮುಖಪುಟದ ಮೂಲ ಸಂಕೇತವನ್ನು, ಅಂದರೆ ಪುಟದ ಹಿಂದಿರುವ ಕೋಡನ್ನು ನೋಡಿದೆ. ಮೇಲಿನಿಂದ ಹದಿನಾಲ್ಕನೆಯ ಸಾಲಿನಲ್ಲಿ ರೋಬಾಟ್ಸ್ ಎಂಬ ಮೆಟಾ ಟ್ಯಾಗ್, ಅಂದರೆ ಓದುಗರಿಗೆ ಕಾಣದ, ಯಂತ್ರಗಳಿಗೆಂದೇ ಬರೆದ ಟಿಪ್ಪಣಿ ಇದೆ. ಅದರೊಳಗೆ ನೋಇಂಡೆಕ್ಸ್ ಎಂಬ ಪದವಿದೆ. ಈ ಪುಟವನ್ನು ಸೂಚಿಗೆ ಸೇರಿಸಬೇಡಿ ಎಂದು ನಿಮ್ಮ ತಾಣವೇ ಮೂರು ತಿಂಗಳಿಂದ ಹೇಳುತ್ತಿದೆ, ಸರ್ಚ್ ಎಂಜಿನ್ ಆ ಮಾತನ್ನು ಪಾಲಿಸುತ್ತಿದೆ. ತಾಣ ಕಟ್ಟಲು ನೀವು ಬಳಸಿರುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರವಿಡಲು ಒಂದು ಚೌಕವಿದೆ. ತಾಣ ಸಿದ್ಧವಾಗುತ್ತಿರುವಾಗ ಅದಕ್ಕೆ ಗುರುತು ಹಾಕಿ, ಆಮೇಲೆ ತೆಗೆಯಲು ಮರೆಯುವವರು ಬಹಳ ಮಂದಿ. ಸೆಟ್ಟಿಂಗ್ಸ್‌ನ ರೀಡಿಂಗ್ ವಿಭಾಗಕ್ಕೆ ಹೋಗಿ ಆ ಗುರುತನ್ನು ತೆಗೆಯಿರಿ. ನಲವತ್ತು ಲೇಖನಗಳ ಶ್ರಮ ಒಂದು ಗುರುತಿನಿಂದ ಮರೆಯಲ್ಲಿ ಉಳಿದದ್ದಕ್ಕೆ ನನಗೂ ಬೇಸರವಾಯಿತು.

ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕ್ರಾಲರ್‌ಗಳು ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ತಿಳಿಸುವ ರೋಬಾಟ್ಸ್ ಕಡತವೊಂದು ತಾಣದ ಮೂಲ ಫೋಲ್ಡರಿನಲ್ಲಿರುತ್ತದೆ. 1994ರಲ್ಲಿ ಮಾರ್ಟೈನ್ ಕೋಸ್ಟರ್ ಸೂಚಿಸಿದ ಈ ಪದ್ಧತಿ, 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರಜಾಲದ ತಾಂತ್ರಿಕ ದಸ್ತಾವೇಜಿನಲ್ಲಿ ವಿಧಿವತ್ತಾಗಿ ದಾಖಲಾಯಿತು. ಈ ಕಡತವನ್ನೂ ನೋಇಂಡೆಕ್ಸ್ ಅನ್ನೂ ಒಂದೇ ಎಂದು ತಿಳಿಯಬಾರದು. ಕಡತವು ಕ್ರಾಲರನ್ನು ಬಾಗಿಲಲ್ಲೇ ತಡೆಯುತ್ತದೆ. ನೋಇಂಡೆಕ್ಸ್ ಒಳಗೆ ಬಂದವರಿಗೆ ಮಾತ್ರ ಕಾಣುವ ಸೂಚನೆ. ಬಾಗಿಲು ಮುಚ್ಚಿದ್ದರೆ ಒಳಗಿನ ಸೂಚನೆಯನ್ನು ಓದುವವರೇ ಇರುವುದಿಲ್ಲ. ಆದ್ದರಿಂದಲೇ, ಮರೆಮಾಡಬೇಕೆಂದು ಎರಡನ್ನೂ ಒಟ್ಟಿಗೆ ಬಳಸಿದ ಪುಟದ ವಿಳಾಸವು, ಬೇರೆ ತಾಣಗಳ ಲಿಂಕಿನ ಮೂಲಕ, ಕೆಲವೊಮ್ಮೆ ಫಲಿತಾಂಶದಲ್ಲಿ ಕಾಣಿಸಿಕೊಳ್ಳುವುದುಂಟು.

ಗುರುತು ತೆಗೆದ ಬಳಿಕ ಗೂಗಲ್‌ನ ಉಚಿತ ಸಾಧನವಾದ ಸರ್ಚ್ ಕನ್ಸೋಲ್‌ನಲ್ಲಿ ತಾಣವನ್ನು ನೋಂದಾಯಿಸಿ, ಅಲ್ಲಿನ ವಿಳಾಸ ಪರಿಶೀಲನೆಯ ಪೆಟ್ಟಿಗೆಯಲ್ಲಿ ಒಂದೊಂದೇ ಮುಖ್ಯ ಪುಟದ ವಿಳಾಸವನ್ನು ಹಾಕಿ ನೋಡಿ. ಪುಟ ಸೂಚಿಯಲ್ಲಿದೆಯೇ, ಇಲ್ಲದಿದ್ದರೆ ಕಾರಣವೇನು ಎಂಬುದನ್ನು ಅದು ತಿಳಿಸುತ್ತದೆ. ತಾಣದ ಪುಟಗಳ ವಿಳಾಸಪಟ್ಟಿಯಾದ ಸೈಟ್‌ಮ್ಯಾಪ್ ಕಡತವೊಂದರಲ್ಲಿ 50,000 ವಿಳಾಸಗಳವರೆಗೆ ಸೇರಿಸಬಹುದು. ನಲವತ್ತು ಪುಟಗಳ ತಾಣಕ್ಕೆ ಅದಕ್ಕಿಂತ ಹೆಚ್ಚು ಸಹಾಯವಾಗುವುದು ಪುಟಗಳ ನಡುವಿನ ಲಿಂಕುಗಳು. ನಿಮ್ಮ ಹನ್ನೊಂದು ಲೇಖನಗಳಿಗೆ ತಾಣದೊಳಗಿನ ಬೇರಾವ ಪುಟದಿಂದಲೂ ದಾರಿಯಿಲ್ಲ. ಅವನ್ನು ಸಂಬಂಧಪಟ್ಟ ಲೇಖನಗಳೊಂದಿಗೆ ಜೋಡಿಸಿ.

ಪ್ರಶ್ನೆ: ಮುಖ್ಯ ಪದಗಳನ್ನು ಪುಟದಲ್ಲಿ ಎಷ್ಟು ಬಾರಿ ಬಳಸಬೇಕು? ಕೀವರ್ಡ್ಸ್ ಮೆಟಾ ಟ್ಯಾಗ್‌ನಲ್ಲಿ ಎಷ್ಟು ಪದಗಳಿರಬೇಕು? ಹಿನ್ನೆಲೆಯ ಬಣ್ಣದಲ್ಲೇ ಪದಗಳನ್ನು ಬರೆದರೆ ಓದುಗರಿಗೆ ತೊಂದರೆಯಾಗದಂತೆ ಕೆಲಸ ಸಾಧಿಸಬಹುದು ಎಂದು ಕೇಳಿದ್ದೇನೆ. ಇದು ನಿಜವೇ?

ಉತ್ತರ: ಕೀವರ್ಡ್ಸ್ ಮೆಟಾ ಟ್ಯಾಗನ್ನು ಸ್ಥಾನ ನಿರ್ಣಯಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ತಿಳಿಸಿದೆ. ಹಿನ್ನೆಲೆಯ ಬಣ್ಣದಲ್ಲಿ ಪದಗಳನ್ನು ಬಚ್ಚಿಡುವುದು ಅದರ ನಿಯಮಗಳ ಪ್ರಕಾರ ಸ್ಪ್ಯಾಮ್. ತಾಣವನ್ನೇ ಫಲಿತಾಂಶಗಳಿಂದ ಕೈಬಿಡಬಹುದಾದ ತಪ್ಪು ಅದು. ಇನ್ನು ಪದಗಳ ಎಣಿಕೆಗೆ ಯಾವ ಲೆಕ್ಕವೂ ಇಲ್ಲ. ನೋಡಬೇಕಾದದ್ದು, ಹುಡುಕುವವರು ಬಳಸುವ ಮಾತು ನಿಮ್ಮ ಪುಟದಲ್ಲಿ ಇದೆಯೇ ಎಂಬುದನ್ನು.

ಮೊದಲ ಪತ್ರದ ಗಡಿಯಾರದ ತಾಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಲ್ಲಿನ ಬಹಳ ಒಳ್ಳೆಯ ಲೇಖನವೊಂದರ ಶೀರ್ಷಿಕೆ ‘ಲೇಖನ 17: ಸಮತೋಲನ’ ಎಂದಿದೆ. ಆದರೆ ಮನೆಯ ಗಡಿಯಾರ ನಿಂತುಹೋದವರು ‘ಸಮತೋಲನ’ ಎಂದು ಹುಡುಕುವುದಿಲ್ಲ. ‘ಲೋಲಕದ ಗಡಿಯಾರ ಪದೇ ಪದೇ ನಿಲ್ಲುತ್ತದೆ’ ಎಂದು ಹುಡುಕುತ್ತಾರೆ. ಗಡಿಯಾರ ಓರೆಯಾಗಿ ತೂಗಿದ್ದರೆ ಟಿಕ್ ಮತ್ತು ಟಾಕ್ ಸದ್ದುಗಳ ನಡುವಿನ ಅಂತರ ಸಮವಾಗಿರುವುದಿಲ್ಲ, ಆಗ ಲೋಲಕ ಸ್ವಲ್ಪ ಹೊತ್ತಿನಲ್ಲಿ ನಿಂತುಬಿಡುತ್ತದೆ ಎಂಬ ಉತ್ತರ ಆ ಲೇಖನದ ಆರನೆಯ ಪರಿಚ್ಛೇದದಲ್ಲಿ ಅಡಗಿದೆ. ಶೀರ್ಷಿಕೆಯನ್ನು ‘ಲೋಲಕದ ಗಡಿಯಾರ ಪದೇ ಪದೇ ನಿಲ್ಲುವುದೇಕೆ? ಸದ್ದು ಕೇಳಿ ಸರಿಪಡಿಸುವ ಬಗೆ’ ಎಂದು ಬದಲಿಸಿ, ಉತ್ತರದ ಸಾಲನ್ನು ಮೊದಲ ಪರಿಚ್ಛೇದಕ್ಕೆ ತಂದರೆ ಸಾಕು. ನೀವೂ ನಿಮ್ಮ ಪುಟಗಳ ಶೀರ್ಷಿಕೆಗಳನ್ನು ಹೀಗೆ ಒಂದೊಂದಾಗಿ ನೋಡಿ. ಎಲ್ಲ ಪುಟಗಳಿಗೂ ಒಂದೇ ಶೀರ್ಷಿಕೆ ಇರುವ ತಾಣಗಳು ಈಗಲೂ ನನ್ನ ಕಣ್ಣಿಗೆ ಬೀಳುತ್ತವೆ. ಪುಟದ ವಿವರಣೆಯ ಟ್ಯಾಗ್ ಸ್ಥಾನವನ್ನು ಏರಿಸುವುದಿಲ್ಲವಾದರೂ, ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ಅದು ಕಾಣಿಸಬಹುದಾದ್ದರಿಂದ ಎರಡು ಸಾಲು ಶ್ರದ್ಧೆಯಿಂದ ಬರೆಯುವುದು ಒಳಿತು.

ಪ್ರಶ್ನೆ: ಒಂದು ಸಂಸ್ಥೆಯವರು ಫೋನ್ ಮಾಡಿ, ಐದು ಸಾವಿರ ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಬರುವ ಲಿಂಕ್) ಕೊಡಿಸಿ ಮೂವತ್ತು ದಿನಗಳಲ್ಲಿ ಮೊದಲ ಸ್ಥಾನ ಖಚಿತ ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ಮೊದಲ ಸ್ಥಾನವನ್ನು ಖಚಿತಪಡಿಸುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ. ಲಿಂಕುಗಳಿಗೆ ಬೆಲೆ ಬಂದದ್ದು ಹೇಗೆ ಎಂದು ತಿಳಿದರೆ, ಕೊಂಡ ಲಿಂಕುಗಳು ಏಕೆ ಅಪಾಯಕಾರಿ ಎಂಬುದೂ ಸ್ಪಷ್ಟವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ, ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೈ ಬ್ರಿನ್ 1998ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕವನ್ನು ವಿವರಿಸಿದರು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ಶಿಫಾರಸು. ಶಿಫಾರಸು ಮಾಡಿದ ಪುಟಕ್ಕೇ ಎಷ್ಟು ಮನ್ನಣೆ ಇದೆ, ಅದು ಎಷ್ಟು ಪುಟಗಳಿಗೆ ತನ್ನ ಶಿಫಾರಸನ್ನು ಹಂಚಿದೆ ಎಂಬುದರ ಮೇಲೆ ಆ ಮಾತಿನ ತೂಕ ನಿಲ್ಲುತ್ತದೆ. ಅಂದರೆ ಆರಂಭದಿಂದಲೂ ಬೆಲೆ ಇದ್ದದ್ದು ಎಣಿಕೆಗಲ್ಲ, ಯಾರು ಹೇಳಿದರು ಎಂಬುದಕ್ಕೆ. ಸಾವಿರಾರು ಲಿಂಕುಗಳನ್ನು ಸಗಟಾಗಿ ಮಾರುವ ಪುಟಗಳನ್ನು ಯಾರೂ ಓದುವುದಿಲ್ಲ, ಅವುಗಳಿಗೆ ಮನ್ನಣೆಯೂ ಇಲ್ಲ.

2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆಯನ್ನು ಜಾರಿಗೆ ತಂದಾಗ, ಇಂತಹ ಕೃತಕ ಲಿಂಕುಗಳನ್ನು ನಂಬಿದ್ದ ತಾಣಗಳು ಒಮ್ಮೆಲೇ ಕೆಳಗಿಳಿದವು. ಈಗ ಅಂತಹ ಲಿಂಕುಗಳು ಬಹುಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. ಉದ್ದೇಶಪೂರ್ವಕವೆಂದು ಕಂಡುಬಂದರೆ ದಂಡನೆಯೂ ಆಗಬಹುದು. ನನ್ನ ಪರಿಚಿತರೊಬ್ಬರು ಇಂತಹ ಸಂಸ್ಥೆಯೊಂದನ್ನು ನಂಬಿ, ಆಮೇಲೆ ಆ ಲಿಂಕುಗಳನ್ನು ತೆಗೆಯಿಸಲು ಒಂದೊಂದೇ ತಾಣಕ್ಕೆ ಪತ್ರ ಬರೆಯುತ್ತ ಕುಳಿತಿದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಶ್ರಮವನ್ನು ನಿಮ್ಮ ವಿಷಯದಲ್ಲಿ ಬೇರೆಲ್ಲೂ ಸಿಗದ ಒಂದು ಪುಟವನ್ನು ಬರೆಯಲು ಬಳಸಿ, ಅದು ಯಾರಿಗೆ ಉಪಯುಕ್ತವೋ ಅವರಿಗೆ ನೀವೇ ತಿಳಿಸಿ. ಹಾಗೆ ಬರುವ ಐದು ಲಿಂಕುಗಳು ಕೊಂಡ ಐದು ಸಾವಿರಕ್ಕಿಂತ ಮೇಲು. ಫಲ ಕಾಣಲು ಹಲವು ತಿಂಗಳು ಬೇಕಾಗಬಹುದು.

ಪ್ರಶ್ನೆ: ನಮ್ಮ ತಾಣದ ಕನ್ನಡ ಲೇಖನಗಳು ಪರದೆಯ ಮೇಲೆ ಚೆನ್ನಾಗಿ ಕಾಣಿಸುತ್ತವೆ, ಆದರೆ ಅದರಲ್ಲಿನ ಸಾಲನ್ನೇ ಹಾಕಿ ಹುಡುಕಿದರೂ ಸಿಗುವುದಿಲ್ಲ.

ಉತ್ತರ: ಒಂದು ಸಾಲನ್ನು ನಕಲು ಮಾಡಿ ಹುಡುಕು ಪೆಟ್ಟಿಗೆಯಲ್ಲಿ ಅಂಟಿಸಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬಂದರೆ, ನಿಮ್ಮ ಬರಹ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಏಕರೂಪದ ವ್ಯವಸ್ಥೆಯಲ್ಲಿ ಇಲ್ಲ, ಹಳೆಯ ಫಾಂಟಿನಲ್ಲಿದೆ. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಕನ್ನಡವಲ್ಲ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಓದಿ ತಿದ್ದಿ. ಸಾಲನ್ನು ಆಯ್ಕೆ ಮಾಡಲೇ ಆಗದಿದ್ದರೆ ಅದು ಚಿತ್ರ. ಅದನ್ನು ಹೊಸದಾಗಿ ಟೈಪ್ ಮಾಡಿಸುವುದೇ ಮೇಲು.

ಪ್ರಶ್ನೆ: ತಾಣದ ವಿಳಾಸವನ್ನು ಬದಲಿಸಿದೆವು. ಹಳೆಯ ಪುಟಗಳನ್ನೆಲ್ಲ ಹೊಸ ಮುಖಪುಟಕ್ಕೆ ತಿರುಗಿಸಿದ್ದೇವೆ. ಆದರೂ ಓದುಗರ ಸಂಖ್ಯೆ ಕುಸಿದಿದೆ.

ಉತ್ತರ: ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದ್ದೇ ತೊಂದರೆಗೆ ಕಾರಣವಾಗಿರಬೇಕು. ಒಂದು ನಿರ್ದಿಷ್ಟ ಲೇಖನಕ್ಕಾಗಿ ಬಂದವರನ್ನು ಮುಖಪುಟಕ್ಕೆ ಕಳುಹಿಸಿದರೆ, ಆ ಲೇಖನ ಇಲ್ಲವಾಗಿದೆ ಎಂದೇ ಗೂಗಲ್ ಭಾವಿಸಬಹುದು. ಪ್ರತಿಯೊಂದು ಹಳೆಯ ವಿಳಾಸವನ್ನೂ ಅದೇ ಲೇಖನದ ಹೊಸ ವಿಳಾಸಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನದ ಮೂಲಕ ಜೋಡಿಸಿ. 302 ತಾತ್ಕಾಲಿಕ ಸ್ಥಳಾಂತರಕ್ಕೆ ಮಾತ್ರ. ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯನ್ನು ತಿಳಿಸುವ ಸೌಲಭ್ಯವಿದೆ, ಅದನ್ನೂ ಬಳಸಿ. ಹಳೆಯ ಡೊಮೇನಿನ, ಅಂದರೆ ತಾಣದ ಹಳೆಯ ಹೆಸರಿನ ನೋಂದಣಿಯನ್ನು ಬಿಟ್ಟುಕೊಡಬೇಡಿ; ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಅದಕ್ಕೂ ಹೆಚ್ಚು ಕಾಲ ಉಳಿಸಿಕೊಳ್ಳಿ.