ಗೋಧಿ ಹಿಟ್ಟಿನ ಬ್ರೆಡ್ ಮನೆಯಲ್ಲಿ ಯಾಕೆ ಉಬ್ಬುವುದಿಲ್ಲ?

ಮಂಡ್ಯದಿಂದ ನೀವು ಕೇಳಿರುವುದು ಇಷ್ಟು: ತಂದೆಯವರಿಗೆ ಸಕ್ಕರೆ ಕಾಯಿಲೆ, ಅಂಗಡಿ ಬ್ರೆಡ್ ಬಿಡಿಸಬೇಕು, ಮನೆಯಲ್ಲಿ ಓಟಿಜಿ (ಕರೆಂಟಿನ ಚಿಕ್ಕ ಓವನ್) ಇದೆ. ಮೈದಾ ಸೇರಿಸದೆ, ಮಿಲ್‌ನಲ್ಲಿ ಬೀಸಿಸಿದ ಗೋಧಿ ಹಿಟ್ಟಿನಲ್ಲೇ ಮಾಡಿದರೆ ಬ್ರೆಡ್ ಗಟ್ಟಿಯಾಗಿ ತಳದಲ್ಲೇ ಕೂರುತ್ತದೆ. ಈಸ್ಟ್ ಜಾಸ್ತಿ ಹಾಕಿ ನೋಡಿದರೂ ಉಬ್ಬಿಲ್ಲ.

ಈಸ್ಟ್ ಜಾಸ್ತಿ ಮಾಡಬೇಡಿ. ನೀರು ಜಾಸ್ತಿ ಮಾಡಿ, ಹಿಟ್ಟನ್ನು ನೆನೆಯಲು ಬಿಡಿ. ನೂರಕ್ಕೆ ತೊಂಬತ್ತು ಸಲ ತಪ್ಪಿರುವುದು ಅಲ್ಲೇ.

ಯೂಟ್ಯೂಬಿನಲ್ಲಿ ಸಿಗುವ ಅಳತೆಗಳು ಹೆಚ್ಚಾಗಿ ಮೈದಾದವು. 400 ಗ್ರಾಂ ಮೈದಾಕ್ಕೆ 250 ಮಿ.ಲೀ. ನೀರು ಸಾಕಾಗಬಹುದು. ಅಷ್ಟೇ ಗೋಧಿ ಹಿಟ್ಟಿಗೆ 310ರಿಂದ 330 ಮಿ.ಲೀ. ಬೇಕು. ಕಲ್ಲಿನಲ್ಲಿ ಬೀಸುವಾಗ ಗೋಧಿಯ ಪಿಷ್ಟದ ಕಣಗಳು ಜಜ್ಜಿಹೋಗುತ್ತವೆ, ಜಜ್ಜಿದ ಕಣ ನೀರನ್ನು ತುಂಬಾ ಹೀರುತ್ತದೆ. ಜೊತೆಗೆ ಹೊಟ್ಟೂ ಹೀರುತ್ತದೆ, ಆದರೆ ನಿಧಾನವಾಗಿ. ಹಾಗಾಗಿ ಕಲಸಿದ ಕೂಡಲೇ ಹದವಾಗಿದೆ ಅನಿಸಿದ ಹಿಟ್ಟು ಅರ್ಧ ಗಂಟೆಯಲ್ಲಿ ಬಿಗಿದುಕೊಂಡಿರುತ್ತದೆ. ಬಿಗಿಯಾದ ಹಿಟ್ಟನ್ನು ಎಬ್ಬಿಸುವ ಶಕ್ತಿ ಯಾವ ಈಸ್ಟಿಗೂ ಇಲ್ಲ. ನೆನೆಯದ ಹೊಟ್ಟಿನ ಚೂಪು ಅಂಚುಗಳು ಗ್ಲುಟೆನ್ನಿನ (ಹಿಟ್ಟಿಗೆ ಅಂಟು ಕೊಡುವ ಗೋಧಿಯ ಪ್ರೋಟೀನ್) ಎಳೆಗಳನ್ನು ಹರಿಯುವುದೂ ಇದೆ. ಅವು ಹರಿದರೆ ಒಳಗಿನ ಗಾಳಿ ನಿಲ್ಲುವುದಿಲ್ಲ.

ಮೊದಲು ಹಿಟ್ಟು. ಮಂಡ್ಯ ಕಡೆಯ ಮಿಲ್‌ಗಳಲ್ಲಿ ರಾಗಿ ಬೀಸುವುದೇ ಹೆಚ್ಚು. ರಾಗಿ ಬೀಸಿದ ಬೆನ್ನಿಗೇ ನಿಮ್ಮ ಗೋಧಿ ಹಾಕಿದರೆ ಮೊದಲು ಬರುವ ಹಿಟ್ಟಿನಲ್ಲಿ ರಾಗಿ ಸೇರಿರುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಚಪಾತಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ, ಬ್ರೆಡ್ಡಿಗೆ ಬರುತ್ತದೆ. ಗೋಧಿ ಬೀಸಿದವರ ಹಿಂದೆ ನಿಲ್ಲಿ, ಇಲ್ಲವೇ ಮೊದಲ ಅರ್ಧ ಕೇಜಿ ಬೇರೆ ತೆಗೆದಿಡಿ. ನುಣ್ಣಗೆ ಬೀಸಲು ಹೇಳಿ. ಬಿಸಿ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಬೇಡಿ, ಹರಡಿ ಆರಿಸಿ. ಮೊಳಕೆಯ ಭಾಗದ ಎಣ್ಣೆ ಹಿಟ್ಟಿನಲ್ಲೇ ಇರುವುದರಿಂದ ತಿಂಗಳಾಗುತ್ತ ಬಂದರೆ ಕಮಟು ವಾಸನೆ ಶುರುವಾಗುತ್ತದೆ, ಬ್ರೆಡ್ಡಿನಲ್ಲಿ ಅದು ಕಹಿಯಾಗಿ ಗೊತ್ತಾಗುತ್ತದೆ. ಜವೆ ಗೋಧಿ ಪಾಯಸಕ್ಕೆ ಚೆನ್ನ, ಇದಕ್ಕೆ ಬೇಡ.

ಎಂಟೂವರೆ ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ ಟಿನ್ನಿಗೆ ನನ್ನ ಅಳತೆ: ಗೋಧಿ ಹಿಟ್ಟು 400 ಗ್ರಾಂ, ನೀರು ಒಟ್ಟು 320 ಮಿ.ಲೀ., ಇನ್‌ಸ್ಟಂಟ್ ಈಸ್ಟ್ 5 ಗ್ರಾಂ (ಒಂದೂವರೆ ಟೀ ಚಮಚ), ಉಪ್ಪು 7 ಗ್ರಾಂ, ಎಣ್ಣೆ 20 ಗ್ರಾಂ, ಬೆಲ್ಲ 15 ಗ್ರಾಂ. ಬೆಲ್ಲ ಬಿಟ್ಟರೂ ಬ್ರೆಡ್ ಉಬ್ಬುತ್ತದೆ, ಬಣ್ಣ ಸ್ವಲ್ಪ ಕಡಿಮೆ ಬರುತ್ತದೆ ಅಷ್ಟೆ. ಹಾಕುವುದಾದರೆ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿ ಹಾಕಿ; ಆಲೆಮನೆಯ ಬೆಲ್ಲದಲ್ಲಿ ಮಣ್ಣು, ಕಡ್ಡಿ ಇರುತ್ತದೆ. ದಯವಿಟ್ಟು ಲೋಟದಲ್ಲಿ ಅಳೆಯಬೇಡಿ. ಅದೇ ಲೋಟಕ್ಕೆ ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಚಿಕ್ಕ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು.

ಹಿಟ್ಟಿಗೆ 290 ಮಿ.ಲೀ. ನೀರು ಮಾತ್ರ ಹಾಕಿ ಒಣ ಹಿಟ್ಟು ಕಾಣದ ಹಾಗೆ ಕಲಸಿ, ಮುಚ್ಚಿ, 40 ನಿಮಿಷ ಬಿಡಿ. ನಾದುವುದು ಬೇಡ. ಈ ಹೊತ್ತಿನಲ್ಲಿ ಹೊಟ್ಟು ಮೆತ್ತಗಾಗುತ್ತದೆ, ಗ್ಲುಟೆನ್ ತನ್ನಷ್ಟಕ್ಕೆ ಕೂಡಿಕೊಳ್ಳುತ್ತದೆ. ಆಮೇಲೆ ಈಸ್ಟನ್ನು 20 ಮಿ.ಲೀ. ಉಗುರು ಬೆಚ್ಚಗಿನ ನೀರಿನಲ್ಲಿ ಕದಡಿ ಸೇರಿಸಿ. ಅದು ಬೆರೆತ ಮೇಲೆ ಉಪ್ಪು ಹಾಕಿ ಹತ್ತು ನಿಮಿಷ ನಾದಿ. ಎಣ್ಣೆ ಕೊನೆಗೆ. ಮೊದಲೇ ಎಣ್ಣೆ ಹಾಕಿದರೆ ಅದು ಹಿಟ್ಟಿಗೆ ಮೆತ್ತಿಕೊಂಡು ನೀರು ಹೀರುವುದನ್ನು ತಡೆಯುತ್ತದೆ. ಉಳಿದ 10 ಮಿ.ಲೀ. ನೀರನ್ನು ನಾದುತ್ತ ಕೈಗೆ ಹಚ್ಚಿಕೊಳ್ಳಿ.

ಹದ ಹೇಗಿರಬೇಕೆಂದರೆ, ಹೋಳಿಗೆಯ ಕಣಕಕ್ಕಿಂತ ಒಂದು ಚೂರು ಬಿಗಿ. ಕೈಗೆ ಅಂಟುತ್ತದೆ, ಅಂಟಲಿ. ಇಲ್ಲಿ ಒಣ ಹಿಟ್ಟು ಉದುರಿಸಿದಿರೋ, ಮತ್ತೆ ಹಳೆಯ ಕಥೆಯೇ. ಚಪಾತಿ ಹಿಟ್ಟಿನ ಹದ ಕೈಗೆ ರೂಢಿಯಾಗಿರುವವರಿಗೆ ಇದೇ ಕಷ್ಟದ ಘಟ್ಟ. ನಾದಿ ಮುಗಿದಾಗ ಒಂದು ತುಂಡನ್ನು ಎಳೆದರೆ ತಕ್ಷಣ ಕಿತ್ತು ಬರದೆ ಎರಡು ಮೂರು ಇಂಚು ಹಿಗ್ಗಬೇಕು. ಮೈದಾದಂತೆ ತೆಳು ಪೊರೆ ಬರಲಿಲ್ಲ ಎಂದು ನಾದುತ್ತಲೇ ಇರಬೇಡಿ, ಹೊಟ್ಟು ಇರುವ ಹಿಟ್ಟಿನಲ್ಲಿ ಅದು ಬರುವುದಿಲ್ಲ.

ಹುದುಗುವುದಕ್ಕೆ ಗಡಿಯಾರ ನಂಬಬೇಡಿ. ಏಪ್ರಿಲ್ ಸೆಕೆಯಲ್ಲಿ ಮುಕ್ಕಾಲು ಗಂಟೆ ಸಾಕಾಗಬಹುದು, ಡಿಸೆಂಬರ್ ಚಳಿಯಲ್ಲಿ ಎರಡು ಗಂಟೆ ಹಿಡಿಯಬಹುದು. ನೇರವಾದ ಗಾಜಿನ ಡಬ್ಬದಲ್ಲಿಟ್ಟು ಹೊರಗೆ ಗುರುತು ಮಾಡಿಕೊಳ್ಳಿ: ಒಂದಕ್ಕೆ ಒಂದೂಮುಕ್ಕಾಲು ಆದರೆ ಸಾಕು. ಎರಡರಷ್ಟಾಗಲಿ ಎಂದು ಕಾಯುವುದು ಮೈದಾದ ಲೆಕ್ಕ. ಗಾಳಿಯನ್ನು ಮೆಲ್ಲಗೆ ಒತ್ತಿ ತೆಗೆದು, ಆಯತವಾಗಿ ತಟ್ಟಿ, ಬಿಗಿಯಾಗಿ ಸುತ್ತಿ, ಜೋಡು ಕೆಳಗೆ ಬರುವಂತೆ ಎಣ್ಣೆ ಸವರಿದ ಟಿನ್ನಿಗಿಡಿ. ಎರಡನೆಯ ಸಲ ಅದು ಟಿನ್ನಿನ ಅಂಚಿಗೆ ಬಂದು ನಿಂತಾಗ ಓವನ್ ತಯಾರಿರಬೇಕು. ಅಂದರೆ ಅಂಚಿಗೆ ಒಂದು ಬೆರಳು ಬಾಕಿ ಇರುವಾಗಲೇ ಓಟಿಜಿಯನ್ನು 200 ಡಿಗ್ರಿಗೆ, ಎರಡೂ ರಾಡ್ ಹಾಕಿ, 15 ನಿಮಿಷ ಕಾಯಿಸಲು ಶುರುಮಾಡಿ. ಬೆರಳಿನಿಂದ ಒತ್ತಿದ ಗುಳಿ ಅರ್ಧ ಮಾತ್ರ ಮೇಲೆ ಬಂದರೆ ಹದ ಸರಿ. ಗುಳಿ ಹಾಗೇ ನಿಂತರೆ ತಡವಾಗಿದೆ, ಒಳಗಿಟ್ಟ ಮೇಲೆ ನಡುವೆ ಕುಸಿಯುತ್ತದೆ. ಈಸ್ಟ್ ಜಾಸ್ತಿಯಾದಾಗ ಆಗುವುದೂ ಇದೇ: ಬೇಗ ಏರಿ, ಎಳೆಗಳು ಸೋತು, ಒಲೆಯೊಳಗೆ ಇಳಿಯುತ್ತದೆ. ಹುಳಿ ವಾಸನೆ ಬೇರೆ. ಈ ಹೊತ್ತಿಗೆ ಕರೆಂಟ್ ಹೋದರೆ ಟಿನ್ನನ್ನು ಮುಚ್ಚಿ ಫ್ರಿಜ್ಜಿಗಿಡಿ, ಒಂದೆರಡು ಗಂಟೆ ತಡೆದುಕೊಳ್ಳುತ್ತದೆ.

ಕೆಳಗಿನ ತಟ್ಟೆಯಲ್ಲಿಟ್ಟು 35ರಿಂದ 40 ನಿಮಿಷ ಬೇಯಿಸಿ. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ತೀರಾ ಹತ್ತಿರ ಇರುವುದರಿಂದ, ಮೇಲೆ ಬಣ್ಣ ಬಂದ ಕೂಡಲೇ ಫಾಯಿಲ್ ಹೊದಿಸಿ. ಬಣ್ಣ ನೋಡಿ ಹೊರಗೆ ತೆಗೆದವರ ಬ್ರೆಡ್ ಒಳಗೆ ಹಸಿ ಇರುತ್ತದೆ. ಅಡುಗೆ ಥರ್ಮಾಮೀಟರ್ ಇದ್ದರೆ ನಡುವೆ 95 ಡಿಗ್ರಿ ಇರಬೇಕು. ಇಲ್ಲದಿದ್ದರೆ ಟಿನ್ನಿಂದ ತೆಗೆದು ತಳ ತಟ್ಟಿ ನೋಡಿ, ಟೊಳ್ಳು ಸದ್ದು ಬರಬೇಕು. ಪಕ್ಕಗಳು ಬೆಳ್ಳಗೆ, ಮೆತ್ತಗೆ ಇದ್ದರೆ ಟಿನ್ ಇಲ್ಲದೆ ಇನ್ನೂ ಐದು ನಿಮಿಷ ಇಡಿ. ಟಿನ್ನಿನಲ್ಲೇ ಆರಲು ಬಿಟ್ಟರೆ ತಳ ಬೆವರಿ ಒದ್ದೆಯಾಗುತ್ತದೆ. ಜಾಲರಿಯ ಮೇಲೆ ಎರಡು ಗಂಟೆ ಆರುವ ತನಕ ಕೊಯ್ಯಬೇಡಿ. ಪಿಷ್ಟ ಇನ್ನೂ ಗಟ್ಟಿಯಾಗುತ್ತಿರುತ್ತದೆ, ಬಿಸಿಯಲ್ಲಿ ಕೊಯ್ದರೆ ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ.

ಈಗ ತಂದೆಯವರ ವಿಷಯ. ಇದನ್ನು ನೀವು ಗಮನವಿಟ್ಟು ಓದಬೇಕು. ನೂರು ಗ್ರಾಂ ಗೋಧಿ ಹಿಟ್ಟಿನಲ್ಲಿ ನಾರು ಸುಮಾರು 11 ಗ್ರಾಂ, ಮೈದಾದಲ್ಲಿ 3 ಗ್ರಾಂಗೂ ಕಡಿಮೆ. ಹೊಟ್ಟೆ ತುಂಬುವುದಕ್ಕೆ, ಮಲಬದ್ಧತೆಗೆ ಇದು ಒಳ್ಳೆಯದು. ಆದರೆ ನುಣ್ಣಗೆ ಬೀಸಿದ ಗೋಧಿಯ ಬ್ರೆಡ್ ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಬಿಳಿ ಬ್ರೆಡ್ಡಿಗಿಂತ ಬಹಳ ಹಿಂದೇನೂ ಇಲ್ಲ. ಈ ಅಳತೆಯಿಂದ ಹದಿನೈದು ಸ್ಲೈಸ್ ಬಂದರೆ ಒಂದರಲ್ಲಿ ಸುಮಾರು 27 ಗ್ರಾಂ ಹಿಟ್ಟು, ಅಂದರೆ ಒಂದು ಚಪಾತಿಯಷ್ಟು. ಎರಡು ಸ್ಲೈಸ್ ಕೊಟ್ಟರೆ ಎರಡು ಚಪಾತಿ ಎಂದೇ ಲೆಕ್ಕ ಹಿಡಿಯಿರಿ. ಜಾಮ್ ಸವರುವ ಬದಲು ಮೊಟ್ಟೆ, ಮೊಳಕೆ ಕಾಳಿನ ಪಲ್ಯ, ಕಡಲೆಕಾಯಿ ಚಟ್ನಿ ಇಟ್ಟುಕೊಡಿ. ತಿಂದು ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ, ಎಷ್ಟು ಸ್ಲೈಸ್ ಎಂಬುದನ್ನು ಅವರ ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ. ಮನೆಯಲ್ಲಿ ಮಾಡಿದ್ದು ಎಂಬ ಧೈರ್ಯದಲ್ಲಿ ನಾಲ್ಕು ಸ್ಲೈಸ್ ತಿನ್ನುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಂಗಡಿಯದನ್ನು ಕೊಳ್ಳಲೇಬೇಕಾದ ದಿನ ಪೊಟ್ಟಣದ ಹಿಂದೆ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮವಿದೆ. ಮೊದಲು ಮೈದಾ ಎಂದಿದ್ದರೆ ಮುಂದೆ ಏನೇ ಬರೆದಿರಲಿ, ಅದು ಮೈದಾ ಬ್ರೆಡ್ಡೇ. ಕಂದು ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ.

ಮನೆಯ ಬ್ರೆಡ್ ಹೊರಗೆ ಎರಡು ದಿನ ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಮೂರನೆಯ ದಿನ ಬೂಷ್ಟು ಹಿಡಿಯಬಹುದು. ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಬೂಷ್ಟು ತಡವಾಗುತ್ತದೆ, ಆದರೆ ಬಿರುಸಾಗುತ್ತದೆ. ಕೊಯ್ದು ಫ್ರೀಜರಿನಲ್ಲಿಡಿ, ಬೇಕಾದಷ್ಟೇ ತೆಗೆದು ನೇರ ಕಾವಲಿಗೆ ಹಾಕಿ. ರಾಗಿ ಸೇರಿಸುವ ಆಸೆಯಿದ್ದರೆ 400ರಲ್ಲಿ 50 ಗ್ರಾಂ ಮಾತ್ರ, ಅದೂ ಬರೀ ಗೋಧಿಯ ಬ್ರೆಡ್ ಕೈಗೆ ಹತ್ತಿದ ಮೇಲೆ.